ಗಿಡುಗದ ಕಾಲಿನ ಗೆಜ್ಜೆ

೪ ಆಗಸ್ಟ್ ೧೯೫೮, ಸೋಮವಾರ

ಹತ್ತು ವರ್ಷಗಳ ಮೇಲೆ ನನ್ನ ಎಡಗೈ ಮೇಲೆ ಮತ್ತೆ ಒಂದು ಹಕ್ಕಿ ಕೂತಿದೆ. ಅದಕ್ಕಾಗಿಯೇ ಈ ನೋಟ್‌ಬುಕ್ ತೆಗೆದೆ. ಉತ್ತರದ ಸಂಸ್ಥಾನದ ಬೇಟೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದಾಗ ಪ್ರತಿ ಹಕ್ಕಿಗೂ ಒಂದು ಪುಸ್ತಕ ಇಡುತ್ತಿದ್ದೆ. ತೂಕ ಎಷ್ಟು, ಏನು ತಿಂದಿತು, ಎಷ್ಟು ದೂರದಿಂದ ಕೈಗೆ ಬಂತು, ಎಲ್ಲ ಅದರಲ್ಲಿ. ಹಕ್ಕಿ ಪಳಗಿಸುತ್ತಿದ್ದ ಉಸ್ತಾದರು ಒಂದು ದಿನ ನನ್ನ ಪುಸ್ತಕ ಮುಚ್ಚಿಸಿ ಕೈಗವಸು ಕೊಟ್ಟರು. ಅವತ್ತಿನಿಂದ ಅದರ ಹುಚ್ಚು ಹಿಡಿಯಿತು. ಸಂಸ್ಥಾನ ವಿಲೀನವಾಯಿತು, ಇಲಾಖೆ ಮುಚ್ಚಿತು, ನಾನು ಯಡಿಯೂರಿಗೆ ವಾಪಸ್ಸು ಬಂದೆ. ಊರಿನ ಹೊಲ ಬಡಾವಣೆಗೆ ಹೋಯಿತು. ಅದರ ಬದಲು ಸಿಕ್ಕ ಸೈಟಿನಲ್ಲಿ ಈ ಮನೆ. ಈಗ ಇದು ಜಯನಗರ.

ಬೆಳವನ ಹಕ್ಕಿಗೆಂದು ಬಲೆ ಹಾಕಿದ್ದವನು ಬಲೆಯಲ್ಲಿ ಸಿಕ್ಕ ಗಿಡುಗವನ್ನು ಕೊಲ್ಲಲು ಹೊರಟಿದ್ದ. ನನಗೆ ಕೊಡು ಎಂದು ಬೇಡಿ ತಂದೆ. ಸಂಸ್ಥಾನದಲ್ಲಿ ಇದನ್ನು ಶಿಕ್ರ ಎನ್ನುತ್ತಿದ್ದೆವು. ಹೆಣ್ಣು, ಈ ವರ್ಷದ ಮರಿ. ತೂಕ ಹದಿನೇಳೂವರೆ ತೊಲ. ಕಾಲಿಗೆ ಚರ್ಮದ ಪಟ್ಟಿ ಹಾಕಿ ಹಿಂದಿನ ಕೋಣೆಯ ಕೋಲಿನ ಮೇಲೆ ಕೂರಿಸಿದ್ದೇನೆ.

ಮಗಳು ಲಕ್ಷ್ಮಿದೇವಿ ಬಾಗಿಲಲ್ಲಿ ನಿಂತು ನೋಡಿದಳು. ಏನೋ ಕೇಳಿದಳು. ಅವಳು ಕನಕಪುರದ ಗಂಡನ ಮನೆಯಿಂದ ಬಂದು ಎರಡು ತಿಂಗಳಾಯಿತು. ನಾಲ್ಕು ದಿನಕ್ಕೆಂದು ಬಂದವಳು ಹೋಗುವ ಮಾತೇ ಆಡುವುದಿಲ್ಲ. ಬೇರೆ ಮಾತೂ ಇಲ್ಲ. ಅವಳ ತಾಯಿ ಇದ್ದಿದ್ದರೆ ವಿಚಾರಿಸಿಕೊಳ್ಳುತ್ತಿದ್ದಳು. ನಾನು ದೂರದ ಊರಲ್ಲೇ ಇದ್ದವನು, ವರ್ಷಕ್ಕೊಮ್ಮೆ ರಜದಲ್ಲಿ ಮಗಳನ್ನು ನೋಡಿದವನು. ಹತ್ತು ದಿನದ ರಜದಲ್ಲಿ ವರನನ್ನು ಒಪ್ಪಿ ಮದುವೆ ಮುಗಿಸಿ ಹೋದೆ. ಈಗ ಅವಳು ಮಾತಾಡಿದರೂ ಬಾಯೊಳಗೇ ಮಾತಾಡುತ್ತಾಳೆ.

೯ ಆಗಸ್ಟ್, ಶನಿವಾರ

ಹಕ್ಕಿ ಕೈಮೇಲೆ ಕೂತು ತಿನ್ನತೊಡಗಿದೆ. ಗೆಜ್ಜೆ ಆಗಬೇಕು. ಗೆಜ್ಜೆಯಿಲ್ಲದ ಗಿಡುಗವನ್ನು ಬಯಲಿಗೆ ಒಯ್ಯುವುದೂ ಒಂದೇ, ಗಾಳಿಗೆ ಬಿಟ್ಟುಬಿಡುವುದೂ ಒಂದೇ. ಬೇಟೆ ಹಿಡಿದ ಹಕ್ಕಿ ಅದನ್ನು ಪೊದೆಯೊಳಕ್ಕೆ ಎಳೆದುಕೊಂಡು ಹೋಗಿ ಉಸಿರೆತ್ತದೆ ಕೂರುತ್ತದೆ. ಪಕ್ಕದಲ್ಲೇ ಹಾದುಹೋದರೂ ಕಾಣಿಸುವುದಿಲ್ಲ. ಕಾಲು ಅಲುಗಿದಾಗ ಗೆಜ್ಜೆ ಸದ್ದಾದರೆ ಮಾತ್ರ ಸಿಕ್ಕೀತು.

ಬಸ್ಸು ಹತ್ತಿ ಪೇಟೆಗೆ ಹೋದೆ. ಕಂಚಿನ ಕೆಲಸದ ಶಂಭುಲಿಂಗಪ್ಪ ಎಂಬುವರನ್ನು ಯಾರೋ ಹೇಳಿದ್ದರು. ಅರವತ್ತು ದಾಟಿದ ಮನುಷ್ಯ. ಎತ್ತಿನ ಕೊರಳ ಗಂಟೆ, ದೇವರ ಗಂಟೆ, ಕುಣಿತದವರ ಗೆಜ್ಜೆ ಎಲ್ಲ ಮಾಡುತ್ತಾರೆ.

"ಹಕ್ಕಿ ಕಾಲ್ಗಾ? ಕುಣಿಸ್ತೀರಾ ಅದನ್ನ?" ಎಂದು ನಕ್ಕರು.

ಕೂತು ವಿವರಿಸಿದೆ. ಎರಡು ಗೆಜ್ಜೆ ಬೇಕು, ಕಾಲಿಗೊಂದು. ಎರಡೂ ಸೇರಿ ಕಾಲು ತೊಲ ಮೀರಬಾರದು. ಎರಡರ ಸ್ವರ ಒಂದೇ ಆಗಬಾರದು, ಒಂದಕ್ಕಿಂತ ಇನ್ನೊಂದು ಅರ್ಧ ಸ್ವರ ಏರಿರಬೇಕು. ಒಂದೇ ಸ್ವರವಾದರೆ ಗಾಳಿಯಲ್ಲಿ ಕಲಸಿಹೋಗುತ್ತದೆ. ಬೇರೆಬೇರೆಯಾದರೆ ಒಂದಕ್ಕೊಂದು ಉಜ್ಜಿದ ಹಾಗಾಗಿ ಎರಡು ಹೊಲದಾಚೆಗೂ ಕೇಳುತ್ತದೆ. ಶಂಭುಲಿಂಗಪ್ಪ ಬಲಗಡೆಗೆ ತಲೆ ವಾಲಿಸಿ ಕೇಳಿಸಿಕೊಂಡರು. ನಗು ಹೋಗಿತ್ತು.

"ಒಂದ್ ವಾರ ಕೊಡಿ ಸಾಮಿ. ಇಂತದ್ದು ನಾನು ಮಾಡಿಲ್ಲ, ಮಾಡ್ನೋಡ್ತೀನಿ."

೧೭ ಆಗಸ್ಟ್, ಭಾನುವಾರ

ಗೆಜ್ಜೆ ಬಂತು. ಬಟಾಣಿ ಗಾತ್ರದ್ದು, ಎರಡು. ನೋಡಲು ಮುದ್ದಾಗಿವೆ. ಒಳಗೆ ಸಾಸಿವೆಯಷ್ಟು ಕಬ್ಬಿಣದ ಗುಂಡು.

ಕಟ್ಟುವ ಕೆಲಸಕ್ಕೆ ಇಬ್ಬರು ಬೇಕು. ಹಳೆಯ ಪಂಚೆಯ ತುಂಡಿನಲ್ಲಿ ಹಕ್ಕಿಯನ್ನು ಸುತ್ತಿ, ಕಾಲು ಮಾತ್ರ ಹೊರಗಿಟ್ಟು, ಮಗಳು ದೇವಿಯ ಮಡಿಲಿಗೆ ಕೊಟ್ಟೆ. "ಬಿಗಿಯಾಗಿ ಹಿಡೀಬೇಡ, ಸಡಿಲ ಬಿಡಲೂಬೇಡ" ಎಂದೆ. ಹೆದರಿಯಾಳು ಎಂದುಕೊಂಡಿದ್ದೆ, ಹೆದರಲಿಲ್ಲ. ಅದರ ಎದೆ ಬಡಿತ ಬಟ್ಟೆಯೊಳಗಿಂದ ಕೈಗೆ ತಾಗಿರಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ನೇವರಿಸಿದಳು. ಅವಳ ಎಡಗೈ ಪೂರ್ತಿ ಚಾಚುವುದಿಲ್ಲ ಎಂಬುದನ್ನು ಇವತ್ತು ಕಂಡೆ. ಹೋದ ಚಳಿಗಾಲದಲ್ಲಿ ಬಾವಿಕಟ್ಟೆಯಿಂದ ಬಿದ್ದಳೆಂದು ಅಳಿಯಂದಿರು ಕಾಗದ ಬರೆದಿದ್ದರು.

ಆಡಿನ ಚರ್ಮದ ಸಣ್ಣ ಎಳೆಯನ್ನು ಎಣ್ಣೆ ಹಚ್ಚಿ ಮೆತ್ತಗೆ ಮಾಡಿಟ್ಟಿದ್ದೆ. ಅದನ್ನು ಗೆಜ್ಜೆಯ ಕೊಂಡಿಯಲ್ಲಿ ತೂರಿಸಿ, ಕಾಲಿಗೆ ಒಂದು ಸುತ್ತು ತಂದು, ಒಂದು ತುದಿಯನ್ನು ಇನ್ನೊಂದು ತುದಿಯ ಸೀಳಿನಲ್ಲಿ ಎಳೆದರೆ ಗುಂಡಿಯ ಹಾಗೆ ಕೂರುತ್ತದೆ. ಗಂಟು ಹಾಕಬಾರದು, ಗಂಟು ಕಾಲನ್ನು ಕೊರೆಯುತ್ತದೆ. ಪಟ್ಟಿಗೂ ಕಾಲಿಗೂ ನಡುವೆ ಬೆಂಕಿಕಡ್ಡಿ ಆಡುವಷ್ಟು ಜಾಗ ಇರಬೇಕು. ಈ ಹಕ್ಕಿಯ ಕಾಲು ಬೆಂಕಿಕಡ್ಡಿಗಿಂತ ಬಹಳ ದಪ್ಪವೇನಲ್ಲ. ನನ್ನ ಬೆರಳು ಹತ್ತು ವರ್ಷದಲ್ಲಿ ಮರೆತಿರಲಿಲ್ಲ. ಎರಡೂ ಕಾಲಿಗೆ ಹತ್ತು ನಿಮಿಷದಲ್ಲಿ ಮುಗಿಯಿತು.

ಆದರೆ ಕೋಲಿನ ಮೇಲೆ ಬಿಟ್ಟು ನೋಡಿದರೆ ಸದ್ದೇ ಇಲ್ಲ. ಹಕ್ಕಿ ರೆಕ್ಕೆ ಕೊಡವಿತು, ಕಾಲು ಎತ್ತಿ ಎತ್ತಿ ಇಟ್ಟಿತು, ಗೆಜ್ಜೆಯನ್ನು ಕೊಕ್ಕಿನಿಂದ ಎಳೆಯಿತು. ಮಣ್ಣು ತುಂಬಿದ ಗೆಜ್ಜೆಯ ಹಾಗೆ ಏನೋ ಒಂದು ಕಟಕಟ, ಅಷ್ಟೆ. ದೇವಿ ನನ್ನ ಮುಖ ನೋಡಿ ಏನೋ ಅಂದಳು, ನಕ್ಕಳು. ಅವಳಿಗೇನು ಗೊತ್ತು ಗಿಡುಗದ ಗೆಜ್ಜೆ ಹೇಗಿರಬೇಕೆಂದು. ಬಿಚ್ಚಿಟ್ಟೆ. ವಾಪಸ್ಸು ಕೊಡಬೇಕು.

೨೩ ಆಗಸ್ಟ್, ಶನಿವಾರ

ಎರಡನೆಯ ಜೊತೆಯೂ ಹಾಗೇ.

ಶಂಭುಲಿಂಗಪ್ಪ ಅಂಗಡಿಯ ಮುಂದೆ ನಿಂತು ಅಲ್ಲಾಡಿಸಿ ತೋರಿಸಿದರು. "ಬರ್ತಾ ಇದೆಯಲ್ಲ ಸಾಮಿ, ಇನ್ನೆಂಗೆ ಬರ್ಬೇಕು?"

"ಎಲ್ಲಿ ಬರ್ತಾ ಇದೆ? ತಗಡಿನ ಡಬ್ಬದಲ್ಲಿ ಕಲ್ಲು ಹಾಕ್ದಂಗಿದೆ. ತವರ ಜಾಸ್ತಿ ಹಾಕಿದ್ದೀರಿ."

ಅವರ ಮುಖ ಕೆಂಪಾಯಿತು. ಒಂದು ಕ್ಷಣ ನನ್ನನ್ನೇ ನೋಡಿದರು, ಆಮೇಲೆ ಯಾಕೋ ತಣ್ಣಗಾದರು. ಅಂಗಡಿ ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. "ಆಯ್ತು, ಇನ್ನೊಂದ್ ಸಲ ಮಾಡ್ಕೊಡ್ತೀನಿ. ಅಲ್ಲೀಗಂಟ ಇದೇ ಇರ್ಲಿ, ತಗೊಂಡೋಗಿ" ಎಂದು ಪೊಟ್ಟಣ ಕಟ್ಟಿಕೊಟ್ಟರು. ತಪ್ಪು ಮಾಡಿದವರು ಹೀಗೆಯೇ ಮೆತ್ತಗಾಗುತ್ತಾರೆ.

ಈ ಕಾಲದ ಕಂಚೇ ಸರಿಯಿಲ್ಲ. ಗುಬ್ಬಿಗಳೂ ಕಡಿಮೆಯಾಗಿವೆ. ನಾನು ಬಂದ ಹೊಸದರಲ್ಲಿ ಬೆಳಗ್ಗೆ ಅವುಗಳ ಗಲಾಟೆಗೆ ಎಚ್ಚರವಾಗುತ್ತಿತ್ತು. ಮರ ಕಡಿದರೆ ಇನ್ನೇನಾಗುತ್ತದೆ.

೩೦ ಆಗಸ್ಟ್, ಶನಿವಾರ

ಸಂಜೆ ಹಕ್ಕಿಗೆ ಮಾಂಸ ಕತ್ತರಿಸುತ್ತಿದ್ದೆ. ದೇವಿ ಒಲೆಯ ಕಡೆ ಮುಖ ಮಾಡಿ ಕೂತು ರೊಟ್ಟಿ ತಟ್ಟುತ್ತಿದ್ದಳು. ಇದ್ದಕ್ಕಿದ್ದಂತೆ ಮಾತಾಡತೊಡಗಿದಳು. ತುಂಬ ಹೊತ್ತು ಮಾತಾಡಿದಳು, ಈ ಮೂರು ತಿಂಗಳಲ್ಲಿ ಆಡಿದ್ದೆಲ್ಲ ಸೇರಿಸಿದರೂ ಅಷ್ಟಾಗಲಾರದು. ಎರಡು ಸಲ "ಏನಮ್ಮ?" ಎಂದೆ. ಮೂರನೆಯ ಸಲ ಕೇಳಿದರೆ ನಿಲ್ಲಿಸಿಬಿಡುತ್ತಾಳೇನೋ ಎಂದು ಸುಮ್ಮನಾದೆ. ಮಧ್ಯೆ "ಕನಕಪುರ" ಎಂದದ್ದು, "ಹೋಗ" ಎಂದದ್ದು ತಿಳಿಯಿತು. ಕೊನೆಗೆ ತಿರುಗಿ ನನ್ನನ್ನು ನೋಡಿದಳು, ಕಣ್ಣು ತುಂಬಿತ್ತು. ಸಮಾಧಾನ ಹೇಳುವುದು ತಂದೆಯ ಕೆಲಸ. ತಲೆಯಾಡಿಸಿ, "ಸರಿ ಬಿಡಮ್ಮ, ಎಲ್ಲ ಸರಿಹೋಗುತ್ತೆ" ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗಂಡನ ಮನೆ ನೆನಪಾಗಿದೆ ಎಂದು ಕಾಣುತ್ತದೆ. ಏನೋ ಸಣ್ಣ ಜಗಳವಾಗಿ ಬಂದಿರಬೇಕು, ಹೋಗಲು ಸಂಕೋಚ, ತಾನಾಗಿ ಹೇಗೆ ಹೋಗುವುದು ಎಂದು. ಅಳಿಯಂದಿರಿಗೆ ಕಾಗದ ಬರೆದೆ. ಹಬ್ಬ ಕಳೆದಮೇಲೆ ಬಂದು ಕರೆದುಕೊಂಡು ಹೋಗಿ ಎಂದು.

೭ ಸೆಪ್ಟೆಂಬರ್, ಭಾನುವಾರ

ದಾರ ಕಟ್ಟಿ ಮೂವತ್ತು ಗಜದಿಂದ ಕೈಗೆ ಕರೆದೆ. ಮೊದಲ ಕೂಗಿಗೇ ಬಂತು. ತೂಕ ಹದಿನಾರು ಮುಕ್ಕಾಲು. ಇನ್ನು ದಾರ ಬಿಚ್ಚಬಹುದು.

೧೬ ಸೆಪ್ಟೆಂಬರ್, ಮಂಗಳವಾರ

ಗೌರಿ ಹಬ್ಬ. ದೇವಿಗೆ ಹಸಿರು ಸೀರೆ ತಂದಿದ್ದೆ, ಉಟ್ಟಳು. ಪಕ್ಕದ ಮನೆಯ ಸೀತಮ್ಮನವರು ಬಂದು ಬಾಗಿನ ಕೊಟ್ಟುಹೋದರು. ಮಾಂಸ ತಿನ್ನುವ ಹಕ್ಕಿ ಇರುವ ಮನೆಯೆಂದು ಅವರು ಮೊದಲು ಗೇಟಿನ ಹತ್ತಿರವೂ ಬರುತ್ತಿರಲಿಲ್ಲ. ಈಗ ದೇವಿಯ ಸಲುವಾಗಿ ಜಗಲಿಯವರೆಗೆ ಬರುತ್ತಾರೆ.

ಅಳಿಯಂದಿರ ಕಾಗದ ನಿನ್ನೆ ಬಂದಿತ್ತು. ಇಪ್ಪತ್ತೆಂಟನೇ ತಾರೀಖು ಭಾನುವಾರ ಬರುತ್ತಾರಂತೆ. ಊಟದ ಮೇಲೆ ದೇವಿಗೆ ಹೇಳಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನೇ ಬರೆದು ಕರೆಸಿದೆ ಎಂದೂ ಹೇಳಿದೆ, ಸಂತೋಷಪಟ್ಟಾಳು ಎಂದು.

"ನೀವು ಹೇಳ್ದಂಗೆ" ಎಂದಳು. ಅದು ಸ್ಪಷ್ಟವಾಗಿ ಕೇಳಿಸಿತು.

ರಾತ್ರಿ ಊಟ ಮಾಡಲಿಲ್ಲ. ಹಬ್ಬದ ಕಡುಬು ಹೆಚ್ಚಾಗಿರಬೇಕು.

೨೧ ಸೆಪ್ಟೆಂಬರ್, ಭಾನುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆಯಬೇಕು.

ಬೆಳಗ್ಗೆ ಹಕ್ಕಿಯನ್ನು ಬನಶಂಕರಿ ಗುಡಿಯಾಚೆಯ ಹೊಲಗಳಿಗೆ ಒಯ್ದೆ. ಶಂಭುಲಿಂಗಪ್ಪನವರ ಮೂರನೆಯ ಜೊತೆ ಇನ್ನೂ ಬಂದಿಲ್ಲ, ಎರಡನೆಯದನ್ನೇ ಕಟ್ಟಿದೆ. ಚೀಲ ಹೊರಲು ಒಬ್ಬರು ಬೇಕೆಂದು ದೇವಿಯನ್ನು ಕರೆದೆ. ಮನೆಯಲ್ಲಿ ಕೂತು ಮಂಕಾಗಿದ್ದಾಳೆ, ಗಾಳಿ ತಾಗಲಿ ಎಂದೂ ಇತ್ತು.

ರಾಗಿ ಹೊಲದ ಬದುವಿನಲ್ಲಿ ಲಾವಕ್ಕಿ ಎದ್ದಿತು. ಕೈ ಬೀಸಿ ಹಕ್ಕಿಯನ್ನು ಬಿಟ್ಟೆ. ಹತ್ತು ವರ್ಷದ ಮೇಲೆ! ಬಾಣದ ಹಾಗೆ ಹೋಗಿ ಲಾವಕ್ಕಿಯನ್ನು ಗಾಳಿಯಲ್ಲೇ ಒತ್ತಿ ಹಿಡಿದು, ಬಂಡೆಯಾಚೆಯ ಲಂಟಾನ ಪೊದೆಗಳ ಕಡೆ ಇಳಿಯಿತು. ಓಡಿದೆ. ನಾನು ಬಂಡೆ ಬಳಸಿ ಹೋಗುವ ಹೊತ್ತಿಗೆ ಏನೂ ಇಲ್ಲ. ಎತ್ತರದ ಪೊದೆ, ಎರಡು ಎಕರೆಯಷ್ಟು. ನಿಂತು ಉಸಿರು ಬಿಗಿಹಿಡಿದು ಆಲಿಸಿದೆ. ಗಾಳಿಯ ಸದ್ದು, ದೂರದಲ್ಲಿ ಕನಕಪುರದ ಬಸ್ಸಿನ ಸದ್ದು. ಗೆಜ್ಜೆ ಇಲ್ಲ. ಕೂಗಿದೆ, ಶಿಳ್ಳೆ ಹಾಕಿದೆ. ಮುಳ್ಳಿಗೆ ಅಂಗಿ ಹರಿಯಿತು. ಕಾಲು ಗಂಟೆ ಹುಡುಕಿರಬೇಕು. ಕಾಲ್ಪಟ್ಟಿ ಕೊಂಬೆಗೆ ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದರೆ ಸಂಜೆಯೊಳಗೆ ಸತ್ತಿರುತ್ತದೆ. ಶಂಭುಲಿಂಗಪ್ಪನನ್ನು ಬಾಯಿಗೆ ಬಂದಂತೆ ಬೈದೆ.

ಚೀಲ ಹೊತ್ತು ದೇವಿ ಹಿಂದಿನಿಂದ ಬಂದು ಎದುರು ನಿಂತಳು. "ಯಾಕಪ್ಪ ಇಲ್ಲಿ ನಿಂತ್ಕೊಂಡಿದೀರಿ?"

"ಹೋಯ್ತಮ್ಮ. ದರಿದ್ರ ಗೆಜ್ಜೆ, ಸದ್ದೇ ಬರಲ್ಲ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಚೀಲ ಕೆಳಗಿಟ್ಟು, ನನ್ನ ಎಡಕ್ಕೆ ಎಂಟೋ ಹತ್ತೋ ಹೆಜ್ಜೆ ನಡೆದು, ಬಗ್ಗಿ ಕೊಂಬೆ ಸರಿಸಿದಳು. ಅಲ್ಲಿತ್ತು. ಲಾವಕ್ಕಿಯ ಮೇಲೆ ರೆಕ್ಕೆ ಹರಡಿ ಕೂತು ಪುಕ್ಕ ಕೀಳುತ್ತಿತ್ತು. ಒಂದೊಂದು ಸಲ ಕಿತ್ತಾಗಲೂ ಕಾಲು ಅಲುಗುತ್ತಿತ್ತು, ಗೆಜ್ಜೆ ಅಲುಗುತ್ತಿತ್ತು. ಅಲುಗುವುದು ನನಗೆ ಕಣ್ಣಿಗೆ ಕಾಣಿಸಿತು.

"ಆಗ್ಲಿಂದ್ಲೂ ಕೇಳ್ತಾನೇ ಇದೆಯಲ್ಲಪ್ಪ. ನಾನು ಬಂಡೆ ಹತ್ರ ಇದ್ದಾಗ್ಲೇ ಕೇಳಿಸ್ತು" ಎಂದಳು. ನನ್ನ ಮುಂದೆ ನಿಂತು, ನನ್ನ ಮುಖ ನೋಡಿ ಹೇಳಿದ್ದರಿಂದ ತಿಳಿಯಿತು.

ಹಕ್ಕಿಯನ್ನು ಕೈಗೆ ತೆಗೆದುಕೊಂಡೆ. ಗೆಜ್ಜೆಯನ್ನು ಬಲಗಿವಿಯ ಹತ್ತಿರ ಹಿಡಿದೆ. ಎಡಗಿವಿಯ ಹತ್ತಿರ ಹಿಡಿದೆ.

೨೨ ಸೆಪ್ಟೆಂಬರ್, ಸೋಮವಾರ

ಬೆಳಗ್ಗೆ ಹಿತ್ತಲಿಗೆ ಹೋಗಿ ನೋಡಿದೆ. ನೆಲ್ಲಿಮರದ ತುಂಬ ಗುಬ್ಬಿ. ಎಲ್ಲದರ ಬಾಯೂ ಆಡುತ್ತಿತ್ತು.

ಪೇಟೆಗೆ ಹೋದೆ. ಶಂಭುಲಿಂಗಪ್ಪ ಮೂರನೆಯ ಜೊತೆಗೆ ಅರ ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅರ ಕೆಳಗಿಟ್ಟರು.

"ನಿಮ್ಮ ಗೆಜ್ಜೆಯಲ್ಲಿ ತಪ್ಪಿರಲಿಲ್ಲ. ನಾನು ಆಡಿದ ಮಾತು ತಪ್ಪು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ" ಎಂದೆ.

ಅವರು ಎದ್ದು ಬಂದು ನನ್ನ ಎದುರಿಗೆ ಕೂತು, ಎತ್ತರದ ದನಿಯಲ್ಲಿ ನಿಧಾನವಾಗಿ ಹೇಳಿದರು. "ನಂಗೆ ಅವತ್ತೇ ಗೊತ್ತಾಯ್ತು ಸಾಮಿ. ನಲವತ್ತು ವರ್ಷ ಸುತ್ತಿಗೆ ಹೊಡ್ದು ನನ್ನ ಎಡಗಿವಿ ಹೋಯ್ತು. ನಾನೂ ಹಿಂಗೇ ಎಲ್ರ ಮೇಲೂ ರೇಗ್ತಿದ್ದೆ. ಗಂಟೆ ಸರಿಯಾಗಿ ಎರಕ ಆಗ್ಲಿಲ್ಲ ಅಂತ ಮಗನಿಗೆ ಹೊಡ್ದೂ ಇದೀನಿ."

"ಅವತ್ತೇ ಯಾಕೆ ಹೇಳಲಿಲ್ಲ?"

"ಬೇರೇರು ಹೇಳಿದ್ರೆ ನಂಬ್ತಿದ್ರಾ?"

ಕಾಫಿ ತರಿಸಿದರು. ಸಣ್ಣ ಸದ್ದು ಮೊದಲು ಹೋಗುತ್ತದಂತೆ. ಗೆಜ್ಜೆ, ಹಕ್ಕಿ, ಹೆಂಗಸರ ದನಿ. ಲಾರಿ, ಗಂಡಸರ ದನಿ, ಗುಡುಗು ಕೇಳುತ್ತಲೇ ಇರುವುದರಿಂದ ಕಿವಿ ಸರಿಯಾಗಿದೆ ಎಂದೇ ಮನುಷ್ಯ ತಿಳಿದುಕೊಂಡಿರುತ್ತಾನಂತೆ. ಹೊರಡುವಾಗ ನನ್ನ ತೋಳು ಹಿಡಿದರು. "ಮನೇಲಿ ಮೆತ್ತಗೆ ಮಾತಾಡೋರು ಯಾರಿದ್ದಾರೆ ಸಾಮಿ? ಅವ್ರನ್ನ ಕೂರಿಸ್ಕೊಂಡು ಕೇಳಿ, ನೀವು ಏನೇನು ಬಿಟ್ಕೊಂಡಿದೀರಿ ಅಂತ. ನಾನು ಕೇಳೋ ಹೊತ್ತಿಗೆ ನನ್ನ ಹೆಂಡ್ತಿ ಇರ್ಲಿಲ್ಲ."

ಬಸ್ಸಿನಲ್ಲಿ ಕೂತಾಗ ಆ ರೊಟ್ಟಿ ತಟ್ಟುತ್ತಿದ್ದ ಸಂಜೆ ನೆನಪಾಯಿತು. ಅಶೋಕ ಪಿಲ್ಲರಿನ ಹತ್ತಿರ ಇಳಿಯುವುದನ್ನು ಮರೆತು ಮುಂದೆ ಹೋದೆ.

೨೩ ಸೆಪ್ಟೆಂಬರ್, ಮಂಗಳವಾರ

ಕೇಳಿದೆ.

ಮಧ್ಯಾಹ್ನ ದೇವಿಯನ್ನು ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡೆ. "ಅವತ್ತು ಒಲೆ ಮುಂದೆ ಕೂತು ಏನು ಹೇಳ್ದೆ ನೀನು?" ಎಂದೆ.

ಅವಳ ಮುಖ ಕಲ್ಲಾಯಿತು. "ಹೇಳಿದ್ದಾಯ್ತಲ್ಲ. ನೀವು ಕೇಳಿದ್ದೂ ಆಯ್ತು. ಅವರನ್ನ ಕರ್ಸಿದ್ದೂ ಆಯ್ತು."

"ನನಗೆ ಕೇಳಿಸಲಿಲ್ಲ ಕಣಮ್ಮ."

"ತಲೆ ಆಡಿಸಿದ್ರಿ."

"ಆಡಿಸ್ದೆ. ಕೇಳಿಸಿರಲಿಲ್ಲ. ಗೆಜ್ಜೆ ಕೇಳಿಸದ ಹಾಗೆ ನಿನ್ನ ಮಾತೂ ಕೇಳಿಸಲ್ಲ. ಎಷ್ಟು ದಿನದಿಂದ ಅಂತ ನನಗೇ ಗೊತ್ತಿಲ್ಲ."

ಅವಳು ಎದ್ದು ಕಿಟಕಿ ಮುಚ್ಚಿ ಬಂದಳು, ಮತ್ತೆ ಹೇಳಲು ತೊಡಗಿದಳು. ಅರ್ಧ ತಿಳಿಯಿತು, ಅರ್ಧ ಇಲ್ಲ. "ಜೋರಾಗಿ" ಎಂದೆ. ಜೋರು ಮಾಡಿದಳು. ಪಿಸುಗುಟ್ಟುವುದಕ್ಕೂ ಆಗದ ಮಾತುಗಳನ್ನು ಹೆಣ್ಣುಮಗಳೊಬ್ಬಳು ತಂದೆಯ ಮುಖಕ್ಕೆ ಕೂಗಿ ಹೇಳಬೇಕಾಯಿತು. ಪಕ್ಕದ ಮನೆಯ ರೇಡಿಯೋ ನಿಂತಿತು. ಅವಳ ದನಿ ಒಡೆಯಿತು. ಸಾಕು ಎಂದು ಕೈಹಿಡಿದು, ಈ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಪೆನ್ಸಿಲ್ ಕೊಟ್ಟೆ. ಎರಡೂ ಬದಿ ಬರೆದಳು.

ಆ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ, ಇಲ್ಲಿ ಪೂರ್ತಿ ನಕಲು ಮಾಡಲಾರೆ. ಬಾವಿಕಟ್ಟೆಯಿಂದ ಬಿದ್ದಿರಲಿಲ್ಲ. ಅವಳ ಗಂಡ ತಿರುಮಲೇಶ ಕೈ ತಿರುಚಿ ಮುರಿದದ್ದು. ಅದಕ್ಕೂ ಹಿಂದಿನ ವರ್ಷ ಐದು ತಿಂಗಳ ಬಸಿರು ಇಳಿದುಹೋದದ್ದು ಜ್ವರದಿಂದ ಎಂದು ನನಗೆ ಬರೆದಿದ್ದರು. ಒದ್ದದ್ದರಿಂದ. ಕೊನೆಯ ಸಾಲು ಮಾತ್ರ ಇಲ್ಲಿ ಬರೆದುಕೊಳ್ಳುತ್ತೇನೆ, ಅವತ್ತು ಸಂಜೆ ಹೇಳಿದ್ದೂ ಅದನ್ನೇ ಅಂತೆ: "ಅಪ್ಪ, ನಾನು ಕನಕಪುರಕ್ಕೆ ಹೋಗಲ್ಲ. ಹೋದರೆ ಉಳಿಯಲ್ಲ."

ಅದಕ್ಕೆ ನಾನು, ಸರಿ ಬಿಡಮ್ಮ, ಎಲ್ಲ ಸರಿಹೋಗುತ್ತೆ, ಎಂದಿದ್ದೆ. ಎಂದು, ಅವನಿಗೆ ಕಾಗದ ಬರೆದೆ.

೨೪ ಸೆಪ್ಟೆಂಬರ್, ಬುಧವಾರ

ಹಕ್ಕಿಗೆ ಮಾಂಸ ಹಾಕಿದೆ. ತೂಕ ನೋಡಲಿಲ್ಲ.

೨೮ ಸೆಪ್ಟೆಂಬರ್, ಭಾನುವಾರ

ಬರುವುದು ಬೇಡ ಎಂದು ಮತ್ತೆ ಬರೆದಿದ್ದ ಕಾಗದ ತಲುಪಿತೋ ಇಲ್ಲವೋ, ತಿರುಮಲೇಶ ಬಂದ. ಹತ್ತೂವರೆಗೆ. ಬಾಳೆಹಣ್ಣು, ಮೈಸೂರುಪಾಕಿನ ಪೊಟ್ಟಣ, ಒಗೆದ ಬಿಳಿ ಪಂಚೆ. ಹನ್ನೊಂದು ವರ್ಷದಿಂದ ಈ ಮನುಷ್ಯನನ್ನು ಅಳಿಯಂದಿರು ಎಂದೇ ಬರೆಯುತ್ತಿದ್ದೆ.

ದೇವಿ ಹಿಂದಿನ ಕೋಣೆಯಲ್ಲಿ ಹಕ್ಕಿಯ ಹತ್ತಿರ ಇದ್ದಳು. ನಾನು ಕುರ್ಚಿಗಳನ್ನು ಜಗಲಿಯಲ್ಲಿ ಹಾಕಿಸಿದ್ದೆ. ಅವನು ಪಕ್ಕದಲ್ಲಿ ಕೂತು, ಕುರ್ಚಿ ಹತ್ತಿರ ಎಳೆದುಕೊಂಡು, ತಗ್ಗಿದ ದನಿಯಲ್ಲಿ ಏನೋ ಹೇಳಿದ. ತುಂಬ ವಿನಯ. ಹಿಂದೆಲ್ಲ ಈ ವಿನಯವನ್ನು ನೋಡಿಯೇ ತಲೆಯಾಡಿಸಿದ್ದೆ.

"ನನಗೆ ಕಿವಿ ಕೇಳಿಸಲ್ಲ. ಜೋರಾಗಿ ಹೇಳಿ" ಎಂದೆ.

ಈ ಮಾತನ್ನು ಯಾರೆದುರಿಗಾದರೂ ಆಡಿದ್ದು ಮಗಳ ನಂತರ ಇವನ ಮುಂದೆಯೇ. ಕಷ್ಟವಾಗಲಿಲ್ಲ.

ಅವನು ಸ್ವಲ್ಪ ದನಿ ಏರಿಸಿದ. "ಇನ್ನೂ ಜೋರಾಗಿ" ಎಂದೆ.

"ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬರುತ್ತೆ ಹೋಗುತ್ತೆ ಮಾವ!" ಎಂದು ಕೂಗಿದ. ಎದುರು ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ನಿಂತು ನೋಡಿದ.

"ಮಾತು ಅಲ್ಲ, ಕೈ ಮುರಿದದ್ದು ಹೇಗೆ ಹೇಳಿ. ನನಗೆ ಕೇಳಿಸೋ ಹಾಗೆ."

"ಬಿದ್ಲು ಅಂತ ಬರ್ದಿದ್ನಲ್ಲ!"

"ಎಲ್ಲಿಂದ?"

"ಬಾವಿಕಟ್ಟೆಯಿಂದ!"

"ಅವಳು ಬರೆದುಕೊಟ್ಟಿದ್ದಾಳೆ, ನೀವು ತಿರುಚಿದಿರಿ ಅಂತ. ಬಸಿರಲ್ಲಿ ಒದ್ದಿರಿ ಅಂತ. ಸುಳ್ಳಾದ್ರೆ ಸುಳ್ಳು ಅಂತ ಜೋರಾಗಿ ಹೇಳಿ. ಎಲ್ಲಾರೂ ಕೇಳ್ತಾರೆ, ನನಗೂ ಕೇಳಿಸುತ್ತೆ."

ನನ್ನ ದನಿ ಎಷ್ಟು ಏರಿತ್ತೋ ನನಗೆ ತಿಳಿಯದು. ಸೀತಮ್ಮನವರು ಗೇಟಿನವರೆಗೆ ಬಂದು ನಿಂತಿದ್ದರು, ಅವರ ಯಜಮಾನರು ಅಂಗವಸ್ತ್ರ ಹೊದ್ದು ಹಿಂದೆ. ತಿರುಮಲೇಶ ಅವರ ಕಡೆ ನೋಡಿದ. ಬಗ್ಗಿ ಮತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದ. ಏನು ಹೇಳಿದನೋ ದೇವರಿಗೇ ಗೊತ್ತು. ಮುಖ ನೋಡಿದರೆ ಒಳ್ಳೆಯ ಮಾತಲ್ಲ.

"ಕೇಳಿಸಲಿಲ್ಲ" ಎಂದೆ.

ಆಗ ಅವನಿಗೂ ಸಿಟ್ಟು ತಡೆಯಲಿಲ್ಲ. "ಕಟ್ಕೊಂಡೋನು ನಾನು! ಹೊಡೀತೀನಿ, ಬಡೀತೀನಿ, ನೀವ್ಯಾರು ಕೇಳೋಕೆ?" ಎಂದು ಎದ್ದು ನಿಂತು ಕಿರುಚಿದ. ಕಿರುಚಿದ ಮೇಲೆ ಅವನೇ ಬೆಚ್ಚಿದ. ರಸ್ತೆಯಲ್ಲಿ ಐದಾರು ಜನ ನಿಂತಿದ್ದರು.

"ಈಗ ಕೇಳಿಸ್ತು" ಎಂದೆ.

ಸೀತಮ್ಮನವರು ಗೇಟು ತೆರೆದು ಒಳಗೆ ಬಂದರು, ಅವನನ್ನು ನೋಡದೆ ನೇರವಾಗಿ ನಡುಮನೆ ದಾಟಿ ದೇವಿ ಇದ್ದ ಕೋಣೆಗೆ ಹೋದರು. ಮಡಿ ಹೆಂಗಸು, ನನ್ನ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ತಿರುಮಲೇಶ ಪೊಟ್ಟಣವನ್ನು ಬಿಟ್ಟು ಹೋದ. ಕನಕಪುರ ರಸ್ತೆಯ ಕಡೆ ಅವನು ತಿರುಗುವವರೆಗೂ ನಾನು ನಿಂತಿದ್ದೆ. ಆಮೇಲೆ ಕೂತೆ.

ದೇವಿ ಹೊರಗೆ ಬಂದು ಮೆಟ್ಟಿಲ ಮೇಲೆ, ನನ್ನ ಬಲಗಡೆ ಕೂತಳು.

೧೫ ಅಕ್ಟೋಬರ್, ಬುಧವಾರ

ಕಿವಿಯ ಡಾಕ್ಟರನ್ನು ನೋಡಿ ಬಂದೆವು. ನರದ ತೊಂದರೆ, ಔಷಧಿಯಿಲ್ಲವಂತೆ. ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಡಬ್ಬಿ, ಅದರಿಂದ ಕಿವಿಗೆ ತಂತಿ, ಮದರಾಸಿನಿಂದ ತರಿಸಬೇಕಂತೆ. ಯೋಚಿಸೋಣ ಎಂದೆ. ಬಲಗಿವಿ ಎಡಗಿವಿಗಿಂತ ವಾಸಿ ಎಂದು ತಿಳಿದದ್ದೊಂದು ಲಾಭ.

ಕನಕಪುರದಿಂದ ಹಿರಿಯರಿಬ್ಬರು ಕಾಗದ ಬರೆದಿದ್ದಾರೆ, ರಾಜಿ ಮಾಡಿಸುತ್ತೇವೆಂದು. ದೇವಿ ಓದಿ ಹೇಳಿದಳು, ಉತ್ತರವನ್ನು ಅವಳೇ ಬರೆದಳು. ನಾನು ಕೆಳಗೆ ರುಜು ಹಾಕಿದೆ. ಸೀತಮ್ಮನವರು ಅವಳನ್ನು ಹೊಸದಾಗಿ ತೆರೆದಿರುವ ಶಿಶುವಿಹಾರಕ್ಕೆ ಕರೆದುಕೊಂಡು ಹೋಗಿದ್ದರು. ಮುಂದಿನ ತಿಂಗಳಿಂದ ಬೆಳಗಿನ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸ.

ಶಂಭುಲಿಂಗಪ್ಪನವರ ಮೂರನೆಯ ಜೊತೆ ಕಟ್ಟಿದೆವು. ಕಟ್ಟಿದವಳು ದೇವಿ, ಹಿಡಿದವನು ನಾನು. ಸೀಳಿನಲ್ಲಿ ತುದಿ ತೂರಿಸುವುದನ್ನು ಎರಡೇ ಸಲಕ್ಕೆ ಕಲಿತಳು. "ಹೆಂಗಿದೆ ಸದ್ದು?" ಎಂದೆ. ಕಣ್ಣು ಮುಚ್ಚಿ ಕೇಳಿ, "ಒಂದು ಅಕ್ಕ, ಒಂದು ತಂಗಿ ಮಾತಾಡ್ಕೊಂಡಂಗಿದೆ" ಎಂದಳು. ಉಸ್ತಾದರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

೨ ನವೆಂಬರ್, ಭಾನುವಾರ

ಸಾರಕ್ಕಿ ಕೆರೆಯ ಕಡೆ. ಎರಡು ಲಾವಕ್ಕಿ. ನಾನು ಬಿಡುತ್ತೇನೆ, ದೇವಿ ಕೇಳುತ್ತಾಳೆ. ಕೈಯೆತ್ತಿ ದಿಕ್ಕು ತೋರಿಸಿದರೆ ನಾನು ಹೋಗುತ್ತೇನೆ. ಹೆಚ್ಚು ಮಾತು ಬೇಕಾಗುವುದಿಲ್ಲ.

೯ ನವೆಂಬರ್, ಭಾನುವಾರ

ಮಂಡಿ ತರಚಿದೆ, ಬೇರೇನೂ ಆಗಿಲ್ಲ.

ಕನಕಪುರ ರಸ್ತೆಯ ಇಳಿಜಾರಿನ ಹತ್ತಿರ ಹಕ್ಕಿ ರಸ್ತೆ ದಾಟಿ ಆಚೆ ಬೇಲಿಯ ಮೇಲೆ ಕೂತಿತು. ದೇವಿ ಹಿಂದೆ ಇದ್ದಳು. ಅವಳಿಗೆ ಕಾಯದೆ ನಾನು ಹಕ್ಕಿಯ ಮೇಲೇ ಕಣ್ಣಿಟ್ಟು ರಸ್ತೆಗೆ ಇಳಿದೆ. ಸೌದೆ ಲಾರಿಯೊಂದು ಎಣ್ಣೆ ಉಳಿಸಲೆಂದು ಇಂಜಿನ್ ನಿಲ್ಲಿಸಿ ಇಳಿಜಾರಿನಲ್ಲಿ ಜಾರಿಕೊಂಡು ಬರುತ್ತಿತ್ತು. ಕ್ಲೀನರ್ ಶಿಳ್ಳೆ ಹಾಕುತ್ತಲೇ ಇದ್ದನಂತೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು, ಇಬ್ಬರೂ ಚರಂಡಿಯಲ್ಲಿ ಬಿದ್ದೆವು. ಸೌದೆಯ ತುದಿ ನನ್ನ ಟೋಪಿ ಹೊತ್ತುಕೊಂಡು ಹೋಯಿತು.

ದೇವಿ ಎದ್ದು ನಿಂತು, ಕೂದಲೆಲ್ಲ ಬಿಚ್ಚಿಹೋಗಿ, ಶುರು ಮಾಡಿದಳು.

"ಕಣ್ಣಿಲ್ವಾ ನಿಂಗೆ? ಕಿವಿ ಇಲ್ಲ ಅಂತ ಗೊತ್ತಲ್ಲ, ಕಣ್ಣಾದ್ರೂ ಬಿಟ್ಟು ನೋಡಕ್ಕಾಗಲ್ವಾ? ಹಕ್ಕಿ ಹೋದ್ರೆ ಇನ್ನೊಂದ್ ಹಕ್ಕಿ ಬರುತ್ತೆ. ನೀನ್ ಹೋದ್ರೆ ನಾನ್ ಯಾರತ್ರ ಹೋಗ್ಲಿ? ಯಾರಿದ್ದಾರೆ ನಂಗೆ? ಹೇಳು!"

ಲಾರಿ ಮುಂದೆ ಹೋಗಿ ನಿಂತಿತ್ತು. ಡ್ರೈವರು, ಕ್ಲೀನರು, ಸೌದೆಯ ಮೇಲೆ ಕೂತಿದ್ದ ಆಳುಗಳು, ಗುಡಿಗೆ ಹೊರಟಿದ್ದ ಹೆಂಗಸರು, ಎಲ್ಲರೂ ನಿಂತು ನೋಡುತ್ತಿದ್ದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ. ಅವಳ ತಾಯಿಯೂ ನನ್ನನ್ನು ಹೀಗೆ ಬೈದಿರಲಿಲ್ಲ, ಬೈಯುವಷ್ಟು ದಿನ ನಾನು ಮನೆಯಲ್ಲಿ ಇರಲೂ ಇಲ್ಲ. ಹತ್ತು ನಿಮಿಷ ಬೈದಳು. ಉಸಿರು ತೆಗೆದುಕೊಂಡು ಮತ್ತೆ ಬೈದಳು.

ನಾನು ಚರಂಡಿಯಲ್ಲಿ ಕೂತೇ ಇದ್ದೆ. ಒಂದಕ್ಷರ ಬಿಡದೆ ಎಲ್ಲ ಕೇಳಿಸಿತು.